ಅಪ್ಪನ ತಂಡದ ತತ್ವಪದ ಆಲ್ಬಂ ಮಾಡಬೇಕು: ಸ್ಟುಡಿಯೋದಲ್ಲಾ, ಮಠದಲ್ಲಾ?

ಆಳಂದದ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಮತ್ತು ಅವರ ಜೊತೆಯ ಆರು ಜನ 30 ವರ್ಷದಿಂದ ಪ್ರತಿ ಅಮಾವಾಸ್ಯೆಗೆ ಊರ ಮಠದಲ್ಲಿ ತತ್ವಪದ ಹಾಡುತ್ತಾರೆ. ಅಪ್ಪನ ಕೈಯಲ್ಲಿ ಏಕತಾರಿ, ಒಬ್ಬರು ಪೇಟಿ (ಹಾರ್ಮೋನಿಯಂ), ಒಬ್ಬರು ತಬಲಾ, ಒಬ್ಬರು ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ), ಉಳಿದವರು ತಾಳ ಹಿಡಿದು ಹಿಂದೆ ಹಾಡುತ್ತಾರೆ. ಜಾಸ್ತಿ ಕಡಕೋಳ ಮಡಿವಾಳಪ್ಪನವರ ಪದಗಳು, ಶಿಶುನಾಳ ಶರೀಫರದ್ದೂ ಕೆಲವು. ಎಲ್ಲರೂ ಹೊಲದಲ್ಲಿ ದುಡಿಯುವವರು. ತಾಳ ಹಾಕುತ್ತಿದ್ದ ಕಾಕಾ ಹೋದ ವರ್ಷ ತೀರಿಕೊಂಡರು. ಅವರ ದನಿ ನಮ್ಮ ಹತ್ತಿರ ಒಂದೇ ಒಂದು ಮೊಬೈಲ್ ವಿಡಿಯೋದಲ್ಲಿದೆ, ಅದರಲ್ಲೂ ಅರ್ಧ ಗದ್ದಲ. ಅವತ್ತಿಂದ ನನಗೆ ಒಂದೇ ಯೋಚನೆ, ಉಳಿದವರದ್ದಾದರೂ ಸರಿಯಾಗಿ ಹಿಡಿದಿಡಬೇಕು. 8 ಪದಗಳ ಒಂದು ಆಲ್ಬಂ ಆಗಬೇಕು.

ಹೋದ ತಿಂಗಳು ಎಲ್ಲರನ್ನೂ ಜೀಪ್ ಮಾಡಿಕೊಂಡು ಕಲಬುರಗಿಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಲ್ಲಿನವರು ಒಂದು ಅಮೆರಿಕದ ಕಂಟ್ರಿ ಆಲ್ಬಂ ಕೇಳಿಸಿ "ಇದೂ ಹಳ್ಳಿ ಹಾಡೇ ನೋಡ್ರಿ, ಎಷ್ಟು ಕ್ಲೀನ್ ಇದೆ, ಹಿಂಗೇ ಮಾಡೋಣ, ಮೇಲೆ ಸ್ವಲ್ಪ ಗಿಟಾರ್ ಹಾಕೋಣ" ಅಂದರು. ಆಮೇಲೆ ಅಪ್ಪನೊಬ್ಬರನ್ನೇ ಗಾಜಿನ ಕೋಣೆಗೆ ಕಳಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಮಷಿನ್ ತಾಳಕ್ಕೆ ಹಾಡಿಸಿದರು. ಅಪ್ಪ ಎರಡು ನುಡಿ ಹಾಡಿ ನಿಂತುಬಿಟ್ಟರು. "ಹಿಂದ ಹಿಡಿಯೋರು ಇಲ್ಲಾಂದ್ರ ಮುಂದಿನ ನುಡಿ ನೆನಪಿಗೆ ಬರಲ್ಲಪ್ಪ" ಅಂದರು. ಬೆಳಗಿನವರೆಗೆ ಹಾಡುವ ಮನುಷ್ಯ ಪದ ಮರೆತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ವಾಪಸ್ ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ನನ್ನ ಹತ್ತಿರ 60 ಸಾವಿರ ಇದೆ. ಮಠದಲ್ಲೇ ರೆಕಾರ್ಡ್ ಮಾಡಿದರೆ ಕೇಳುವ ಹಾಗೆ ಬರುತ್ತದಾ? ಆಮೇಲೆ ಬಿಡುಗಡೆ ಮಾಡುವುದು ಹೇಗೆ? ಹಕ್ಕು, ರಾಯಲ್ಟಿ ಇದೆಲ್ಲ ನನಗೆ ಏನೂ ತಿಳಿಯದು. ಗೊತ್ತಿದ್ದವರು ಹೇಳಿ.

ಸೌಂಡ್ ಕೆಲಸ, ಕಲಬುರಗಿ

ಮಠದಲ್ಲೇ ಮಾಡಿ ತಮ್ಮಾ. ಎರಡನೇ ಯೋಚನೆ ಬೇಡ.

ಮೊದಲು ಆ ಕಂಟ್ರಿ ವಿಷಯ. ನಾನು ಆ ಹಾಡುಗಳನ್ನು ತುಂಬಾ ಕೇಳುವವನು, ಅದಕ್ಕೇ ಹೇಳುತ್ತೇನೆ, ನಿಮಗೆ ತೋರಿಸಿದ್ದು ಅದರ ಇತ್ತೀಚಿನ ಮುಖ. ಅದು ಶುರುವಾಗಿದ್ದು ಹಾಗಲ್ಲ. 1927ರಲ್ಲಿ ವಿಕ್ಟರ್ ಅನ್ನುವ ರೆಕಾರ್ಡ್ ಕಂಪನಿ ಪರವಾಗಿ ರಾಲ್ಫ್ ಪೀರ್ ಎಂಬುವರು ರೆಕಾರ್ಡಿಂಗ್ ಮಷಿನ್ ಹೊತ್ತುಕೊಂಡು ಟೆನೆಸ್ಸಿಯ ಬ್ರಿಸ್ಟಲ್ ಅನ್ನುವ ಊರಿಗೆ ಹೋದರು. ಟೋಪಿ ಕಂಪನಿಯ ಕಟ್ಟಡದ ಮಹಡಿಯಲ್ಲಿ ಕೂತು, ಸುತ್ತಲಿನ ಗುಡ್ಡದ ಹಳ್ಳಿಗಳ ಹಾಡುಗಾರರನ್ನು ಕರೆಸಿ, ಎರಡು ವಾರದೊಳಗೆ 76 ಹಾಡು ಹಿಡಿದರು. ಆಮೇಲೆ ಕಂಟ್ರಿಯಲ್ಲಿ ದೊಡ್ಡ ಹೆಸರಾದ ಕಾರ್ಟರ್ ಕುಟುಂಬ, ಜಿಮ್ಮಿ ರಾಜರ್ಸ್ ಮೊದಲು ರೆಕಾರ್ಡ್ ಆಗಿದ್ದು ಅಲ್ಲೇ. ಒಬ್ಬೊಬ್ಬರದ್ದು ಬೇರೆ ಬೇರೆ ಹಿಡಿದು ಕೂಡಿಸುವ ಅನುಕೂಲವೇ ಆಗ ಇರಲಿಲ್ಲ. ಎಲ್ಲರೂ ಕೂಡಿಯೇ ಹಾಡಬೇಕು, ತಪ್ಪಿದರೆ ಮೊದಲಿಂದ. 1968ರಲ್ಲಿ ಕಂಟ್ರಿ ಗಾಯಕ ಜಾನಿ ಕ್ಯಾಶ್ ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿಗೇ ಹೋಗಿ ಕೈದಿಗಳ ಮುಂದೆ ಹಾಡಿದ್ದನ್ನು ಆಲ್ಬಂ ಮಾಡಿದರು, ಅದರಲ್ಲಿ ಕೈದಿಗಳ ಕೂಗೂ ಇದೆ. ಹಾಡು ಯಾರ ನಡುವೆ ಬದುಕಿದೆಯೋ ಅಲ್ಲಿಗೆ ಮೈಕ್ ಹೋಗಬೇಕು.

ಈಗ ಕೆಲಸದ ಮಾತು. ನಿಮ್ಮ ಮಠದ ನೆಲ ಶಹಾಬಾದ್ ಪರಸಿಯದ್ದೇ ಇರಬೇಕು, ಗೋಡೆಯೂ ಕಲ್ಲಿನದಾದರೆ ದಮ್ಮಡಿ ಸದ್ದು ಚೂರಿಯ ಹಾಗೆ ತಿರುಗಿ ಬರುತ್ತದೆ. ನೆಲಕ್ಕೆ ಜಮಖಾನ ಹಾಸಿ, ಎದುರಿನ ಗೋಡೆಗೆ ಮನೆಮನೆಯ ಕೌದಿ ತಂದು ಇಳಿಬಿಡಿ. ನಾಲ್ಕು ಮೈಕ್ ಹಾಕಲು ಬರುವ ರೆಕಾರ್ಡರ್ ಸಾಕು, ಝೂಮ್ ಎಚ್6 ತರಹದ್ದು ಬಾಡಿಗೆಗೆ ಸಿಗುತ್ತದೆ. ಒಂದು ಮೈಕ್ ಅಪ್ಪನ ದನಿಗೆ, ಒಂದು ಏಕತಾರಿಗೆ ತೀರಾ ಹತ್ತಿರ (ಅದರ ದನಿ ಸಣ್ಣದು, ಎಲ್ಲರೂ ಕಳೆದುಕೊಳ್ಳುವುದು ಅದನ್ನೇ), ಒಂದು ಪೇಟಿಗೆ, ಒಂದು ಹಿಂದೆ ಹಾಡುವವರ ನಡುವೆ. ತಬಲಾ ಎಲ್ಲ ಮೈಕ್‌ಗೂ ತಾನಾಗಿ ಬಂದು ಬೀಳುತ್ತದೆ. ದಮ್ಮಡಿಯವರನ್ನು ಮೂರು ಮಾರು ಹಿಂದೆ ಕೂಡಿಸಿ. ಅವರು ದಿನಾ ಕೂಡುವ ಹಾಗೇ ಅರ್ಧ ಸುತ್ತಾಗಿ ಕೂಡಲಿ, ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ಮಷಿನ್ ತಾಳ ಬೇಡವೇ ಬೇಡ. ಪದ ಏರಿದ ಹಾಗೆ ಲಯವೂ ಏರುತ್ತದೆ, ಅದನ್ನು ಕಟ್ಟಿಹಾಕಿದರೆ ಉಳಿಯುವುದೇನು?

ಸದ್ದು ಜಾಸ್ತಿ ಏರಿಸಬೇಡಿ, ಜೋರಾಗಿ ಹಾಡಿದಾಗಲೂ ರೆಕಾರ್ಡರ್‌ನ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ಫ್ಯಾನ್ ಬಂದ್, ಎಲ್ಲರ ಫೋನ್ ಬಂದ್. ಅದಕ್ಕೇ ಬೇಸಿಗೆಯಲ್ಲಿ ಆಗುವುದಿಲ್ಲ. ತೊಗರಿ ರಾಶಿ ಮುಗಿದ ಮೇಲೆ, ಬಿಸಿಲು ಏರುವ ಮುಂಚೆ ಒಂದು ರಾತ್ರಿ ಇಟ್ಟುಕೊಳ್ಳಿ.

ಬೀದರ್ ಪೇಟಿ

ತಮ್ಮಾ, ನಾನು 40 ವರ್ಷದಿಂದ ಭಜನೆಗೆ ಪೇಟಿ ಹಿಡಿದವನು. ನಿಮ್ಮ ತಂದೆ ಹೇಳಿದ್ದು ಸುಳ್ಳಲ್ಲ. ಹಿಂದಿನವರು ಸೊಲ್ಲು ಎತ್ತಿಕೊಂಡು ಎರಡು ಸಲ ಹಾಡುವಷ್ಟರಲ್ಲಿ ಮುಂದಿನವನಿಗೆ ಉಸಿರೂ ಸಿಗುತ್ತದೆ, ಮುಂದಿನ ನುಡಿಯೂ ಸಿಗುತ್ತದೆ.

ಎರಡೇ ಮಾತು. ರಾತ್ರಿ ಶುರುವಾದ ಕೂಡಲೇ ಹಾಡಿದ ಪದ ಆಲ್ಬಂಗೆ ಹಾಕಬೇಡಿ. ಮೊದಲ ಮೂರು ನಾಲ್ಕು ಪದ ದನಿ ಬಿಚ್ಚುವುದಕ್ಕೆ ಹೋಗುತ್ತವೆ. ಚಹಾ ಆಗಿ, 11 ಗಂಟೆ ದಾಟಿದ ಮೇಲೆ ಹಾಡಿದ್ದು ನೋಡಿ, ಅದು ಬೇರೆಯೇ ಇರುತ್ತದೆ. ಮಷಿನ್ ಮಾತ್ರ ಮೊದಲಿಂದ ಓಡುತ್ತಲೇ ಇರಲಿ. ಮತ್ತೆ ಆಲ್ಬಂಗೋಸ್ಕರ ಅಂತ ಪದದ ನುಡಿ ಕಡಿಯಬೇಡಿ. ಅಂಕಿತ ಬರುವುದು ಕೊನೆಯ ನುಡಿಯಲ್ಲಿ, ಸಮಯ ಆಯಿತು ಅಂತ ಅದನ್ನೇ ಬಿಟ್ಟರೆ ಪದ ಯಾರದ್ದು ಅಂತ ಹೇಳುವವರು ಯಾರು? 9 ನಿಮಿಷ ಆದರೆ 9 ನಿಮಿಷ.

ಹೊಸ ದನಿ

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸ್ಟುಡಿಯೋದವರು ಕೆಟ್ಟದ್ದಕ್ಕೆ ಹೇಳಿಲ್ಲ. ನನ್ನ ವಯಸ್ಸಿನವರು ಕೇಳಬೇಕು ಅಂದರೆ ಒಂದು ಪದಕ್ಕಾದರೂ ಗಿಟಾರ್ ಬರಲಿ, ತಪ್ಪೇನು? ಪೇಟಿಯೂ ಒಂದು ಕಾಲಕ್ಕೆ ಹೊರಗಿಂದ ಬಂದಿದ್ದೇ ಅಲ್ವಾ. ಆದರೆ ಅಪ್ಪ ಮತ್ತು ತಂಡ ಹಾಡಿದ ಮೇಲೆ ಅದರ ಜೊತೆ ನುಡಿಸಲಿ, ಗಿಟಾರ್‌ಗೆ ಹೊಂದಿಸಿ ಅವರು ಹಾಡುವುದು ಬೇಡ.

ಯಾದಗಿರಿ ಅಕ್ಕ

ತಮ್ಮಾ, ಹಕ್ಕಿನ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗೆ ಪೆಟ್ಟು ಬಿದ್ದಿದ್ದೇ ಅಲ್ಲಿ. ಕ್ಯಾಸೆಟ್ ಕಾಲದಲ್ಲಿ ನಮ್ಮ ದೊಡ್ಡಪ್ಪನ ತಂಡದಿಂದ ಒಂದು ಕಂಪನಿಯವರು 10 ಪದ ಹಾಡಿಸಿಕೊಂಡು, 3 ಸಾವಿರ ಕೊಟ್ಟು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರಲ್ಲಿ ಏನಿತ್ತು ಅಂತ ಇವತ್ತಿಗೂ ನಮಗೆ ತಿಳಿಯದು. ಈಗ ಅವೇ ಪದ ಯೂಟ್ಯೂಬ್‌ನಲ್ಲಿವೆ, ದೊಡ್ಡಪ್ಪನ ಹೆಸರು ಎಲ್ಲೂ ಇಲ್ಲ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನೀವು ಹಾಗೆ ಮಾಡಿಕೊಳ್ಳಬೇಡಿ. ನಮ್ಮ ದೇಶದ ಕಾಪಿರೈಟ್ ಕಾಯ್ದೆಯಲ್ಲಿ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಮಡಿವಾಳಪ್ಪನವರ ಪದ, ಶರೀಫರ ಪದ (ಅವರು ತೀರಿಕೊಂಡಿದ್ದು 1889ರಲ್ಲಿ) ಯಾರು ಬೇಕಾದರೂ ಹಾಡಬಹುದು. ಆದರೆ ಇತ್ತೀಚಿನ ಗಾಯಕರೊಬ್ಬರು ಹೊಸದಾಗಿ ಕಟ್ಟಿದ ಚಾಲ್ (ಹಾಡುವ ಧಾಟಿ) ಇದ್ದರೆ ಅದಕ್ಕೆ ಒಪ್ಪಿಗೆ ಬೇಕು. ಅಪ್ಪನನ್ನು ಕೇಳಿ, ಪ್ರತಿ ಪದದ ಚಾಲ್ ಯಾರಿಂದ ಬಂತು ಅಂತ ಬರೆದಿಟ್ಟುಕೊಳ್ಳಿ. ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಅಂತ 50 ವರ್ಷದ್ದು ಬೇರೆ ಇದೆ. ರೆಕಾರ್ಡಿಂಗ್‌ನ ಹಕ್ಕು ಮಾತ್ರ ಅದನ್ನು ಮಾಡಿಸಿದ ನಿರ್ಮಾಪಕರದ್ದು. ಅದಕ್ಕೇ ದುಡ್ಡು ನೀವೇ ಹಾಕಿ, ಯಾರೋ "ಫ್ರೀ ಮಾಡಿಕೊಡ್ತೀವಿ" ಅಂದರೆ ಹೋಗಬೇಡಿ. ಆರೂ ಜನರ ಜೊತೆ ಕೂತು ಒಂದು ಹಾಳೆ ಕನ್ನಡದಲ್ಲಿ ಬರೆಯಿರಿ: ಬಂದಿದ್ದರಲ್ಲಿ ಯಾರಿಗೆ ಎಷ್ಟು ಪಾಲು, ಒಬ್ಬರು ತೀರಿಕೊಂಡರೆ ಅವರ ಪಾಲು ಯಾರಿಗೆ. ಓದಿ ಹೇಳಿ, ಆಮೇಲೆ ಸಹಿ.

ಮೇಲೆ ಕಾರ್ಟರ್ ಕುಟುಂಬದ ಹೆಸರು ಬಂದಿದೆ. ಅವರ ಎ.ಪಿ. ಕಾರ್ಟರ್ ಹಳ್ಳಿ ಹಳ್ಳಿ ತಿರುಗಿ ಹಳೆಯ ಹಾಡು ಕೂಡಿಸುತ್ತಿದ್ದರು. ಜೊತೆಗೆ ಲೆಸ್ಲಿ ರಿಡಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕ. ಕಾರ್ಟರ್ ಸಾಲು ಬರೆದುಕೊಂಡರೆ ರಿಡಲ್ ಚಾಲನ್ನು ಮನಸ್ಸಿನಲ್ಲಿ ಹಿಡಿದು ತರುತ್ತಿದ್ದರು. ಅಂಥ ಎಷ್ಟೋ ಹಾಡು ಕಾಪಿರೈಟ್ ಆಗಿದ್ದು ಕಾರ್ಟರ್ ಹೆಸರಿಗೆ. ಇದನ್ನು ಓದಿದಾಗ ನನಗೆ ನಮ್ಮ ದೊಡ್ಡಪ್ಪನೇ ನೆನಪಾದರು. ಆಲ್ಬಂ ಮೇಲೆ ನಿಮ್ಮ ತಂದೆಯ ಹೆಸರಷ್ಟೇ ಸಾಲದು, ದಮ್ಮಡಿಯವರದ್ದೂ ತಾಳದವರದ್ದೂ ಬರಬೇಕು.

ಸೌಂಡ್ ಕೆಲಸ, ಕಲಬುರಗಿ

ಅಕ್ಕ ಹೇಳಿದ್ದನ್ನು ಮೊದಲು ಮಾಡಿ, ಮೈಕ್ ಆಮೇಲೆ.

ಬಿಡುಗಡೆ ಬಗ್ಗೆ ಕೇಳಿದ್ದಿರಿ. ಸ್ಪಾಟಿಫೈ ತರಹದ ಹಾಡು ಕೇಳುವ ಆ್ಯಪ್‌ಗೆ ನೇರ ಹಾಕಲು ಆಗುವುದಿಲ್ಲ, ಹಾಡನ್ನು ಅಲ್ಲಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕಂಪನಿ ಮೂಲಕ ಹೋಗಬೇಕು. ಪ್ರತಿ ಪದಕ್ಕೂ ಐಎಸ್‌ಆರ್‌ಸಿ ಅಂತ 12 ಅಕ್ಷರದ ಒಂದು ಗುರುತು ಬೇಕು, ಅದನ್ನು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಮುಖಪುಟದ ಚಿತ್ರ 3000 ಪಿಕ್ಸೆಲ್ ಚೌಕ ಇರಲಿ. ತಾರೀಖು ಇಟ್ಟುಕೊಂಡು ಒಂದು ತಿಂಗಳು ಮೊದಲೇ ಕಳಿಸಿ. ಯೂಟ್ಯೂಬ್ ಕಂಟೆಂಟ್ ಐಡಿ (ನಿಮ್ಮ ಹಾಡು ಬೇರೆಯವರ ವಿಡಿಯೋದಲ್ಲಿದ್ದರೆ ತಾನಾಗಿ ಹುಡುಕಿ ಹಕ್ಕು ಸಾಧಿಸುವ ವ್ಯವಸ್ಥೆ) ಬೇಕಾ ಅಂತ ಕೇಳುತ್ತಾರೆ, ಬೇಡ ಅನ್ನಿ. ಅದೇ ಪದ ಅದೇ ಚಾಲಿನಲ್ಲಿ ಹಾಡಿದ ಪಕ್ಕದ ಊರಿನವರ ವಿಡಿಯೋಗೆ ಕ್ಲೇಮ್ ಬಿದ್ದರೆ ಚೆನ್ನಾಗಿರಲ್ಲ. ದುಡ್ಡಿನ ಆಸೆ ಜಾಸ್ತಿ ಬೇಡ. ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1000 ಸಲ ಓಡದಿದ್ದರೆ ಅದಕ್ಕೆ ಪಾಲೇ ಇಲ್ಲ, 2024ರಿಂದ ಹಾಗೆ ಮಾಡಿದ್ದಾರೆ.

ಬೀದರ್ ಪೇಟಿ

ನಮ್ಮ ಕಡೆ ಜನ ಕೇಳುವುದು ಟ್ರ್ಯಾಕ್ಟರ್‌ನಲ್ಲಿ, ಪೆನ್‌ಡ್ರೈವ್ ಹಾಕಿಕೊಂಡು. ಒಂದು 200 ಪೆನ್‌ಡ್ರೈವ್ ಮಾಡಿಸಿ ಜಾತ್ರೆಯಲ್ಲಿ ಇಡಿ. ಬಿಡುಗಡೆ ಊರಲ್ಲೇ ಆಗಲಿ.

ಆಳಂದದ ಹುಡುಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಮಠದಲ್ಲೇ ಅಂದ ಕೂಡಲೇ ಪೇಟಿಯವರಿಗೆ ಫೋನ್ ಮಾಡಲು ಹೇಳಿದರು. ಪಾಲಿನ ಹಾಳೆಯಲ್ಲಿ ತೀರಿಕೊಂಡ ಕಾಕಾನ ಹೆಸರೂ ಇರಲಿ, ಎರಡು ಪದದ ಚಾಲ್ ಅವರೇ ಕಲಿಸಿದ್ದು, ಪಾಲು ಅವರ ಹೆಂಡತಿ ಕಾಕುಗೆ ಹೋಗಲಿ ಅಂದರು. ಇದು ನನಗೆ ಇಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಸೌಂಡ್ ಅಣ್ಣಾ, ರಾಶಿ ಮುಗಿದ ಮೇಲೆ ಬರುವ ಅಮಾವಾಸ್ಯೆಗೆ ನೀವೇ ಬರಲು ಆಗುತ್ತದಾ? ಕೌದಿ ಎಷ್ಟು ಬೇಕು ಹೇಳಿ, ಅವ್ವ ಈಗಲೇ ಕೇಳುತ್ತಿದ್ದಾಳೆ.

ಸೌಂಡ್ ಕೆಲಸ, ಕಲಬುರಗಿ

ಬರುತ್ತೇನೆ. 10 ಕೌದಿ ಸಾಕು, ದಪ್ಪನೆಯವು.