ಪದಚರ್ಚೆ: ಪ್ರೋಟೀನನ್ನು ‘ಮಾರ್ಪಡಿಸುವುದು’ ಎಂದರೆ ಪೋಣಿಸುವುದೋ, ಬೆಸೆಯುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ವಾರದಿಂದ ನನ್ನನ್ನು ಸತಾಯಿಸುತ್ತಿದೆ. ಇನ್ಸುಲಿನ್ ಬಗೆಗಳ ಮೇಲೆ ಒಂದು ಲೇಖನ ಬರೆದಿದ್ದೆ. ಅದರಲ್ಲಿ ‘ರಾಸಾಯನಿಕವಾಗಿ ಮಾರ್ಪಡಿಸಿದ ಇನ್ಸುಲಿನ್’ ಎಂಬ ಮಾತು ಇತ್ತು. ಓದಿದವರೊಬ್ಬರು ಕೇಳಿದರು: ‘ಅಲ್ಲಾ, ಕೆಮಿಕಲ್ ಬೆರೆಸಿದ್ದನ್ನ ಮೈಗೆ ಚುಚ್ಚಿಕೊಳ್ಳೋದಾ?’ ತಪ್ಪು ಅವರದಲ್ಲ. ‘ರಾಸಾಯನಿಕ’ ಎಂದ ಕೂಡಲೇ ನಮಗೆ ಗೊಬ್ಬರ, ವಿಷ, ಕಲಬೆರಕೆ ಇವೇ ನೆನಪಾಗುತ್ತವೆ. ಅದರ ಮೇಲೆ ‘ಮಾರ್ಪಡಿಸು’ ಬೇರೆ. ಏನೋ ಬದಲಾಯಿತು ಅನ್ನುವುದು ಬಿಟ್ಟರೆ ಆ ಪದ ಇನ್ನೇನೂ ಹೇಳುವುದಿಲ್ಲ.

ತೊಡಕು ಎಲ್ಲಿದೆ ಅಂದರೆ, ಪ್ರೋಟೀನ್ ಕೆಲಸದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಎರಡಕ್ಕೂ ನಾವು ‘ಮಾರ್ಪಾಡು’ ಅಂದುಬಿಡುತ್ತೇವೆ.

ಇನ್ಸುಲಿನ್ನನ್ನೇ ತೆಗೆದುಕೊಳ್ಳಿ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳನ್ನು ಪೋಣಿಸಿದ ಸರ. ಇನ್ಸುಲಿನ್‌ನಲ್ಲಿ ಅಂಥ ಎರಡು ಸರ, ಒಟ್ಟು 51 ಅಮೈನೋ ಆಮ್ಲಗಳು. ಎ ಸರದಲ್ಲಿ 21, ಬಿ ಸರದಲ್ಲಿ 30. ಬಿ ಸರದ 28ನೆಯದು ಪ್ರೋಲೀನ್, 29ನೆಯದು ಲೈಸೀನ್. ಇವೆರಡನ್ನು ಅದಲುಬದಲು ಮಾಡಿದರೆ ಲಿಸ್‌ಪ್ರೋ ಎಂಬ ಇನ್ಸುಲಿನ್ ಸಿಗುತ್ತದೆ. ಹೆಸರೇ ಹೇಳುತ್ತದೆ: ಮೊದಲು ಲೈಸೀನ್, ಆಮೇಲೆ ಪ್ರೋಲೀನ್. ಮಾಮೂಲಿ ಇನ್ಸುಲಿನ್ ಅಣುಗಳು ಆರಾರು ಸೇರಿ ಗುಂಪು ಕಟ್ಟುತ್ತವೆ. ಗುಂಪು ಬಿಡಿಸಿಕೊಂಡು ರಕ್ತಕ್ಕೆ ಸೇರಲು ಹೊತ್ತು ಹಿಡಿಯುತ್ತದೆ. ಲಿಸ್‌ಪ್ರೋ ಅಣುಗಳ ಹಿಡಿತ ಸಡಿಲ, ಹಾಗಾಗಿ ಬೇಗ ಕೆಲಸ ಮಾಡುತ್ತದೆ. 1996ರಲ್ಲಿ ಬಳಕೆಗೆ ಬಂತು. ಇಲ್ಲಿ ಸಿದ್ಧ ಇನ್ಸುಲಿನ್‌ಗೆ ಯಾರೂ ಏನನ್ನೂ ಹಚ್ಚಲಿಲ್ಲ. ಜೀನ್‌ನಲ್ಲಿದ್ದ ಬರಹವನ್ನೇ ಬದಲಿಸಿದರು. ಜೀವಕೋಶ ಅದನ್ನು ಓದಿ ಹೊಸ ಕ್ರಮದಲ್ಲೇ ಸರ ಕಟ್ಟಿತು.

ಡೆಟೆಮಿರ್ ಎಂಬ ಇನ್ನೊಂದು ಇನ್ಸುಲಿನ್‌ನ ಕಥೆ ಬೇರೆ. ಅಲ್ಲಿ ಬಿ ಸರದ 29ನೇ ಲೈಸೀನ್‌ಗೆ 14 ಇಂಗಾಲದ ಒಂದು ಕೊಬ್ಬಿನ ಆಮ್ಲವನ್ನು ಬೆಸೆಯುತ್ತಾರೆ. ಆ ಕೊಬ್ಬಿನ ತುದಿ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಅದು ಜಾಸ್ತಿ ಹೊತ್ತು ಕೆಲಸ ಮಾಡುತ್ತದೆ. ಇದು ಸರ ಕಟ್ಟಿ ಮುಗಿದ ಮೇಲೆ, ಜೀವಕೋಶದ ಹೊರಗೆ ಮಾಡುವ ಕೆಲಸ.

ಒಂದು ಪೋಣಿಸುವಾಗಲೇ ಮಾಡುವ ಬದಲಾವಣೆ. ಇನ್ನೊಂದು ಪೋಣಿಸಿದ ಮೇಲೆ ಬೆಸೆಯುವುದು. ಇಷ್ಟು ಹೇಳಿದರೆ ಯಾರಿಗಾದರೂ ತಿಳಿಯುತ್ತದೆ, ಅಲ್ವಾ? ಆದರೆ ನಾಮಪದ ಬೇಕಾದಾಗ ನಾವು ಯಾಕೋ ಸಂಸ್ಕೃತದ ಗುಡ್ಡ ಹತ್ತುತ್ತೇವೆ.

ಮೊದಲನೆಯದಕ್ಕೆ ‘ಕುಲಾಂತರಿ ಇನ್ಸುಲಿನ್’ ಎಂದು ಬರೆದದ್ದನ್ನು ಒಂದು ಕಡೆ ಓದಿದೆ. ಇದು ತಪ್ಪೆಂದೇ ನನ್ನ ಅನಿಸಿಕೆ. ಬೇರೆ ಜೀನ್ ಸೇರಿಸಿಕೊಂಡದ್ದು ಬ್ಯಾಕ್ಟೀರಿಯಾ ಅಥವಾ ಯೀಸ್ಟ್. ಕುಲಾಂತರಿ ಎನ್ನಬೇಕಾದ್ದು ಅದನ್ನು. ಅದು ತಯಾರಿಸಿದ ಇನ್ಸುಲಿನ್‌ಗೆ ಕುಲ ಎಲ್ಲಿಂದ ಬಂತು? ‘ತಿದ್ದಿದ ಪ್ರೋಟೀನ್’ ಎನ್ನೋಣ ಅಂದರೆ, ತಿದ್ದುವುದು ತಪ್ಪಿದ್ದಾಗ. ಮೂಲ ಇನ್ಸುಲಿನ್‌ನಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಹೊಳೆದದ್ದು ‘ಮರುಪೋಣಿಕೆ’. ಕಿವಿಗೆ ಸ್ವಲ್ಪ ಹೊಸದು, ಒಪ್ಪುತ್ತೇನೆ. ಇಡೀ ವಿಭಾಗದ ಹೆಸರಾಗಿ ಮಾತ್ರ ‘ಪ್ರೋಟೀನ್ ಎಂಜಿನಿಯರಿಂಗ್’ ಹಾಗೇ ಇರಲಿ. ಯಾಕೆಂದರೆ ಅದರಲ್ಲಿ ಮರುಪೋಣಿಕೆಯ ಜೊತೆಗೆ ಹೊಸ ಪ್ರೋಟೀನನ್ನು ಮೊದಲಿನಿಂದ ವಿನ್ಯಾಸ ಮಾಡುವುದೂ ಇದೆ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಡೇವಿಡ್ ಬೇಕರ್‌ಗೆ ಬಂದದ್ದು ಆ ಕೆಲಸಕ್ಕೇ.

ಎರಡನೆಯದಕ್ಕೆ ಬರೋಣ. ಪ್ರೋಟೀನ್‌ಗೆ ಔಷಧವನ್ನೋ ಬಣ್ಣವನ್ನೋ ಸೇರಿಸಿದ್ದಕ್ಕೆ ‘ಸಂಯುಗ್ಮ’ ಎಂದು ಬಳಸಿದವರಿದ್ದಾರೆ. ಯುಗ್ಮ ಎಂದರೆ ಜೋಡಿ. ಆದರೆ ಲೆಕ್ಕ ನೋಡಿ. ಟ್ರಾಸ್ಟುಜುಮಾಬ್ ಎಮ್ಟಾನ್ಸಿನ್ ಎಂಬ ಕ್ಯಾನ್ಸರ್ ಔಷಧದಲ್ಲಿ ಪ್ರತಿಕಾಯದ ಲೈಸೀನ್‌ಗಳಿಗೆ ಔಷಧದ ಅಣುಗಳನ್ನು ಬೆಸೆದಿರುತ್ತಾರೆ. ಒಂದು ಪ್ರತಿಕಾಯಕ್ಕೆ ಸರಾಸರಿ ಮೂರೂವರೆ. ಲೈಸೀನ್‌ಗಳು ಎಷ್ಟೋ ಇರುವುದರಿಂದ ಒಂದಕ್ಕೆ ಎರಡು, ಇನ್ನೊಂದಕ್ಕೆ ಐದು, ಬೇರೆ ಬೇರೆ ಜಾಗದಲ್ಲಿ ಅಂಟಿರಬಹುದು. ಇದಕ್ಕೆ ಜೋಡಿ ಅನ್ನುವುದು ಹೇಗೆ? ಜಾಗ ಗೊತ್ತಿರಬೇಕು ಅನ್ನುವವರು ಸಿಸ್ಟೀನ್‌ನ ಗಂಧಕದ ಮೇಲೆ ಬೆಸೆಯುತ್ತಾರೆ. ಪ್ರೋಟೀನ್‌ನಲ್ಲಿ ಬಿಡಿಯಾಗಿರುವ ಸಿಸ್ಟೀನ್ ಅಪರೂಪ, ಹಾಗಾಗಿ ಬೇಕಾದ ಕಡೆ ಒಂದನ್ನು ಪೋಣಿಸಿಟ್ಟುಕೊಂಡರೆ ಔಷಧ ಅಲ್ಲಿಗೇ ಹೋಗಿ ಕೂರುತ್ತದೆ. ಗಮನಿಸಿ, ಎರಡೂ ಕ್ರಿಯಾಪದ ಅಕ್ಕಪಕ್ಕದ ವಾಕ್ಯಗಳಲ್ಲಿ ಬಂದವು, ಗೊಂದಲ ಆಗಲಿಲ್ಲ.

‘ಹಚ್ಚು’ ಎಂಬುದನ್ನೂ ನೋಡಿದೆ. ಮುಲಾಮು ಹಚ್ಚಿದ ಹಾಗಾಗುತ್ತದೆ, ಒರೆಸಿದರೆ ಹೋಗುತ್ತದೆ ಅನಿಸುತ್ತದೆ. ಇದು ಸಹವೇಲೆನ್ಸೀಯ ಬಂಧ, ಅಂದರೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಕಟ್ಟಿದ ಗಟ್ಟಿ ನಂಟು, ಒರೆಸಿದರೆ ಹೋಗುವುದಲ್ಲ. ‘ಬೆಸುಗೆ’ಯೇ ವಾಸಿ. ಬೆಸುಗೆ ಎಂದರೆ ಬೆಂಕಿ, ಲೋಹ ನೆನಪಾಗುತ್ತದೆ ಎಂಬ ಆಕ್ಷೇಪ ಬರಬಹುದು. ಮನಸ್ಸುಗಳ ಬೆಸುಗೆ ಅನ್ನುವಾಗ ಯಾರೂ ಬೆಂಕಿ ಹುಡುಕುವುದಿಲ್ಲವಲ್ಲ.

ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪೆಗ್, ಬೆಸೆಯುವ ಪದ್ಧತಿಯೂ ಇದೆ. ಉದ್ದನೆಯ ನೀರುಪ್ರಿಯ ಎಳೆಗಳು ಸುತ್ತ ಇದ್ದರೆ ಪ್ರೋಟೀನ್ ದಪ್ಪಗಾಗುತ್ತದೆ, ಮೂತ್ರಪಿಂಡ ಅದನ್ನು ಸುಲಭವಾಗಿ ಸೋಸಿ ಹೊರಹಾಕಲಾರದು. ಇಂಥ ಮೊದಲ ಔಷಧಕ್ಕೆ ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ ಸಿಕ್ಕಿತು. ‘ಪೆಗೀಕರಣ’ ಅನ್ನುವುದು ನನಗೆ ರುಚಿಸಲಿಲ್ಲ. ಸರಿ, ಸರಳವಾಗಿರಲಿ ಎಂದು ಮೊದಲ ಕರಡಿನಲ್ಲಿ ‘ಪೆಗ್ ಹಾಕಿದ ಪ್ರೋಟೀನ್’ ಎಂದು ಬರೆದೆ. ಓದಿದ ಗೆಳೆಯ ಹತ್ತು ನಿಮಿಷ ನಕ್ಕ. ಈಗ ‘ಪೆಗ್ ಬೆಸೆದ’ ಎಂದಿದೆ.

ಇನ್ನು ‘ಬೆಸುಗೆ’ಯ ಮೇಲೆ ಹಕ್ಕು ಸಾಧಿಸುವ ಇನ್ನೊಂದು ಪಕ್ಷವಿದೆ. ಎರಡು ಪ್ರೋಟೀನ್‌ಗಳ ಜೀನ್‌ಗಳನ್ನು ಸಾಲಾಗಿ ಇಟ್ಟು ಒಂದೇ ಪ್ರೋಟೀನ್ ಮಾಡಿಸುತ್ತಾರಲ್ಲ, ಫ್ಯೂಷನ್ ಪ್ರೋಟೀನ್, ಅದನ್ನೂ ‘ಬೆಸುಗೆ ಪ್ರೋಟೀನ್’ ಎನ್ನುವವರಿದ್ದಾರೆ. ಜೆಲ್ಲಿಮೀನಿನ ಹಸಿರು ಹೊಳೆಯುವ ಪ್ರೋಟೀನ್‌ಗೆ 2008ರ ನೊಬೆಲ್ ಬಂತು. ಅದರ 238 ಅಮೈನೋ ಆಮ್ಲಗಳನ್ನು ನಮಗೆ ಬೇಕಾದ ಪ್ರೋಟೀನಿನ ಬೆನ್ನಿಗೆ ಪೋಣಿಸಿದರೆ, ಅದು ಜೀವಕೋಶದಲ್ಲಿ ಎಲ್ಲೆಲ್ಲಿ ಓಡಾಡುತ್ತದೆ ಎಂದು ಕಾಣುತ್ತದೆ. ಇಲ್ಲಿ ಬೆಸೆದ ಗುರುತೇ ಇಲ್ಲ. ಮೊದಲ ಮಣಿಯಿಂದ ಕೊನೆಯ ಮಣಿಯವರೆಗೆ ಒಂದೇ ದಾರ. ಹಾಗಾಗಿ ಇದು ಪೋಣಿಕೆಯ ಮನೆಗೆ ಸೇರಿದ್ದು. ‘ಕೂಡುಕುಟುಂಬ’ದ ಮಾದರಿಯಲ್ಲಿ ‘ಕೂಡುಪ್ರೋಟೀನ್’ ಆಗಬಹುದೇ?

ನಡುವೆ ಒಂದು ಮಾತು. ಪ್ರೋಟೀನ್‌ಗೆ ಪಠ್ಯಪುಸ್ತಕದ ‘ಸಸಾರಜನಕ’ ಬಳಸಿ ಎಂದು ದಯವಿಟ್ಟು ಹೇಳಬೇಡಿ. ಸಾರಜನಕ ಇರುವಂಥದ್ದು ಎಂದಷ್ಟೇ ಅದರ ಅರ್ಥ. ಡಿಎನ್‌ಎಯಲ್ಲೂ ಸಾರಜನಕ ಇದೆ, ಯೂರಿಯಾದಲ್ಲೂ ಇದೆ.

ಮೇಲೆ ‘ಮಣಿ’ ಎಂದೆನಲ್ಲ, ಅದೂ ಒಂದು ಪ್ರಶ್ನೆಯೇ. ಸರದೊಳಗೆ ಸೇರಿದ ಅಮೈನೋ ಆಮ್ಲಕ್ಕೆ ನಿಘಂಟು ‘ಶೇಷ’ ಎನ್ನುತ್ತದೆ. ಒಂದರ ಪಕ್ಕ ಒಂದು ಸೇರುವಾಗ ನೀರಿನ ಅಣು ಕಳಚಿಹೋಗುತ್ತದೆ, ಉಳಿದದ್ದು ಶೇಷ. ತರ್ಕ ಸರಿ. ಆದರೆ ‘29ನೇ ಲೈಸೀನ್ ಶೇಷ’ ಎಂದು ಓದಿದರೆ ಭಾಗಾಕಾರದ ಲೆಕ್ಕದ ಹಾಗಿರುತ್ತದೆ. ‘29ನೇ ಮಣಿ’ ಎಂದರೆ ಕಣ್ಣಿಗೆ ಕಟ್ಟುತ್ತದೆ.

ಈಗ ಪರೀಕ್ಷೆಗೆ ಒಂದು ವಾಕ್ಯ. ಡೆಟೆಮಿರ್‌ನಲ್ಲಿ ಕೊಬ್ಬಿನ ಆಮ್ಲ ಬೆಸೆಯುವುದಷ್ಟೇ ಅಲ್ಲ, 30ನೇ ಥ್ರಿಯೋನೀನ್ ಕೂಡ ಇರುವುದಿಲ್ಲ. ನನ್ನ ಹಳೆಯ ವಾಕ್ಯ: ‘ಇದು ರಾಸಾಯನಿಕವಾಗಿ ಮಾರ್ಪಡಿಸಿದ ಇನ್ಸುಲಿನ್.’ ಹೊಸದು: ‘ಬಿ ಸರದ ಕೊನೆಯ ಮಣಿಯನ್ನು ಕೈಬಿಟ್ಟು, 29ನೇ ಮಣಿಗೆ ಕೊಬ್ಬಿನ ಆಮ್ಲ ಬೆಸೆದ ಇನ್ಸುಲಿನ್ ಇದು.’ ಉದ್ದವಾಯಿತು, ನಿಜ. ಆದರೆ ಕಲಬೆರಕೆಯ ವಾಸನೆ ಹೋಯಿತು. ನಿಮಗೇನನಿಸುತ್ತದೆ?

ಒಂದು ಕಡೆ ಮಾತ್ರ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಪ್ರೋಟೀನನ್ನು ಶುದ್ಧ ಮಾಡಲು ಅದರ ತುದಿಗೆ ಆರು ಹಿಸ್ಟಿಡೀನ್ ಪೋಣಿಸಿ, ನಿಕಲ್ ಇರುವ ಸಣ್ಣ ಗುಂಡುಗಳ ಮೇಲೆ ಹಾಯಿಸುತ್ತಾರೆ. ಹಿಸ್ಟಿಡೀನ್‌ಗಳು ನಿಕಲ್ ಹಿಡಿದು ನಿಲ್ಲುತ್ತವೆ, ಉಳಿದದ್ದು ತೊಳೆದು ಹೋಗುತ್ತದೆ. ಆ ಗುಂಡುಗಳನ್ನೂ ನಾನು ಹಳೆಯ ಲೇಖನಗಳಲ್ಲಿ ‘ಮಣಿ’ ಎಂದೇ ಬರೆದಿದ್ದೇನೆ. ಈಗ ‘ಆರು ಮಣಿಗಳು ಮಣಿಯನ್ನು ಹಿಡಿದವು’ ಎಂದಾಗುತ್ತಿದೆ. ಆ ಗುಂಡಿಗೆ ಬೇರೆ ಪದ ಯಾರಾದರೂ ಬಳಸುತ್ತಿದ್ದರೆ ತಿಳಿಸಿ.