ದುಬಾರಿ ಹಿರಿಯ ಆಟಗಾರರ ವಿನಿಮಯ: ಕಾರ್ಲ್‌ಸನ್ ವಿಷಯದಲ್ಲಿ ಯಾರಿಗೆ ಲಾಭವಾಯಿತು?

ಪ್ರಶ್ನೆ:
2023ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಹೋಸೆ ಶಾರ್ಕ್ಸ್ ಐಸ್ ಹಾಕಿ ತಂಡವು ಎರಿಕ್ ಕಾರ್ಲ್‌ಸನ್ ಅವರನ್ನು ಪಿಟ್ಸ್‌ಬರ್ಗ್ ಪೆಂಗ್ವಿನ್ಸ್‌ಗೆ ಬಿಟ್ಟುಕೊಟ್ಟಿತು. ಆಗ ಅವರಿಗೆ 33 ವರ್ಷ. ವರ್ಷಕ್ಕೆ 1.15 ಕೋಟಿ ಡಾಲರ್‌ನ ಒಪ್ಪಂದ 2027ರವರೆಗೂ ಇತ್ತು. ಆಗಷ್ಟೇ ಮುಗಿದ ಋತುವಿನಲ್ಲಿ 101 ಅಂಕ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿ, ಶ್ರೇಷ್ಠ ರಕ್ಷಣಾ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿ ಪಡೆದವರನ್ನು ಕಳುಹಿಸಿದ್ದು ನನಗೆ ಇಂದಿಗೂ ಸಂಕಟದ ವಿಷಯ. ನಿಮ್ಮ ಅಭಿಪ್ರಾಯವೇನು?

ಮೊದಲ ಉತ್ತರ:
ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಲೆಕ್ಕವನ್ನೂ ನೋಡಿ. 2023-24ರಲ್ಲಿ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ತಂಡವೊಂದರ ಒಟ್ಟು ಸಂಬಳದ ಮಿತಿ 8.35 ಕೋಟಿ ಡಾಲರ್. ಅದರಲ್ಲಿ ಸುಮಾರು ಏಳನೆಯ ಒಂದು ಪಾಲು ಒಬ್ಬರಿಗೇ ಹೋದರೆ ಹೊಸದಾಗಿ ತಂಡ ಕಟ್ಟುವುದು ಹೇಗೆ? ಅವರು ಅಷ್ಟು ಚೆನ್ನಾಗಿ ಆಡಿದ ಋತುವಿನಲ್ಲೂ ಶಾರ್ಕ್ಸ್ ಗೆದ್ದದ್ದು 22 ಪಂದ್ಯಗಳನ್ನು ಮಾತ್ರ. ಅವರ ಸಂಬಳದಲ್ಲಿ ವರ್ಷಕ್ಕೆ 15 ಲಕ್ಷ ಡಾಲರ್ ಹೊರೆಯನ್ನು ತಾವೇ ಹೊತ್ತು, ಹೊಸ ಯುವ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನು ಪಡೆದದ್ದು ವಿವೇಕದ ನಡೆ.

ಎರಡನೆಯ ಉತ್ತರ:
ನಾನು ಪೆಂಗ್ವಿನ್ಸ್ ಅಭಿಮಾನಿ. ಎದುರಾಳಿ ವಲಯದ ಅಂಚಿನ ನೀಲಿ ಗೆರೆಯ ಬಳಿ ಪಕ್ (ಆಟದ ಬಿಲ್ಲೆ) ಹಿಡಿದು, ತಲೆಯೆತ್ತಿ ಅರೆಕ್ಷಣ ಕಾದು, ಎದುರಾಳಿ ಮಂಡಿಯೂರಿದೊಡನೆ ಆಚೆ ಬದಿಗೆ ಪಾಸ್ ತಳ್ಳುವ ಅವರ ಕೌಶಲವನ್ನು ಕಂಡು ನಾನೂ ಆಸೆಪಟ್ಟಿದ್ದೆ. ಆದರೆ ಪ್ರಮುಖ ಆಟಗಾರರಾದ ಕ್ರಾಸ್ಬಿ, ಮಾಲ್ಕಿನ್, ಲೆಟಾಂಗ್ ಆಗಲೇ ಮೂವತ್ತೈದರ ಗಡಿ ಮುಟ್ಟಿದ್ದ ತಂಡಕ್ಕೆ ಬೇಕಿದ್ದದ್ದು ಎಳೆಯ ಕಾಲುಗಳು. ಮೊದಲ ಋತುವಿನಲ್ಲಿ ಕಾರ್ಲ್‌ಸನ್ ಅವರ ಅಂಕ 56ಕ್ಕೆ ಇಳಿಯಿತು; 2024 ಮತ್ತು 2025ರಲ್ಲಿ ನಾವು ಪ್ಲೇಆಫ್ ತಲುಪಲೇ ಇಲ್ಲ.

ಮೂರನೆಯ ಉತ್ತರ:
ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕಳುಹಿಸಬಾರದೆಂಬ ಷರತ್ತು ಕಾರ್ಲ್‌ಸನ್ ಅವರ ಒಪ್ಪಂದದಲ್ಲೇ ಇತ್ತು. ಹೀಗಾಗಿ ಶಾರ್ಕ್ಸ್‌ಗೆ ಚೌಕಾಸಿ ಮಾಡಲು ಹೆಚ್ಚು ಅವಕಾಶವೇ ಇರಲಿಲ್ಲ.