ಪದಚರ್ಚೆ: ಗುಂಡಿಲ್ಲದ ಬಂದೂಕಿಗೆ ‘ಈಡು’ ಒಪ್ಪುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ. ನಾವಾಡುವ ಒಂದು ಆಟದಲ್ಲಿ, ಆಯುಧದಿಂದ ಇನ್ನೆಷ್ಟು ಸಲ ಹೊಡೆಯಬಹುದು ಅನ್ನುವ ಎಣಿಕೆಗೆ ‘ಈಡು’ ಅನ್ನುವ ಮಾತು ಸಲ್ಲುತ್ತದೆಯೇ ಅಂತ ಕೇಳಲು ಬರೆಯುತ್ತಿದ್ದೇನೆ.

ನಾನು ಕೋಲಾರದವನು. ಭಾನುವಾರ ಸಂಜೆ ನಾವು ಐದು ಜನ ಸೇರಿ, ಪಾತ್ರ ಕಟ್ಟಿಕೊಂಡು ಆಡುವ ಒಂದು ಆಟ ಆಡುತ್ತೇವೆ. ಕಾಗದ, ಪೆನ್ಸಿಲ್ಲು, ದಾಳ, ಬಾಯಿಮಾತು, ಇಷ್ಟೇ ಸಾಮಗ್ರಿ. ಕತೆ ನಡೆಸುವವನನ್ನು ನಾವು ಭಾಗವತ ಅಂತ ಕರೆಯುತ್ತೇವೆ. ಈ ಸಲದ ಭಾಗವತ ನಾನು. ಕತೆ ನಡೆಯುವುದು ಇನ್ನು ಮುನ್ನೂರು ವರ್ಷ ಕಳೆದ ಮೇಲೆ, ಕೆಜಿಎಫ್ ಗಣಿಯೊಳಗೆ. 2001ರಲ್ಲಿ ಮುಚ್ಚಿದ ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 1965ರಲ್ಲಿ ವಿಜ್ಞಾನಿಗಳಿಗೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣ ಸಿಕ್ಕಿದ್ದೂ ಅದರೊಳಗೇ. ಇಂಥ ಜಾಗ ಪಕ್ಕದಲ್ಲೇ ಇರುವಾಗ ಮಂಗಳ ಗ್ರಹದವರೆಗೆ ಯಾಕೆ ಹೋಗಬೇಕು?

ತೊಡಕು ಶುರುವಾದದ್ದು ಆಯುಧಗಳ ಪಟ್ಟಿ ಬರೆಯುವಾಗ. ‘ಮದ್ದುಗುಂಡು’ ಅಂತ ಒಂದು ಕಲಮು ಎಳೆದೆ. ಆಡುವವರು ಅದನ್ನು ‘ಮದ್ದು’ ಅಂತ ಚಿಕ್ಕದು ಮಾಡಿಕೊಂಡರು. ವೈದ್ಯೆಯ ಪಾತ್ರದ ಚೀಲದಲ್ಲೂ ಮದ್ದಿದೆ. ಕಳೆದ ವಾರ ಗಾಯಗೊಂಡು ಬಿದ್ದವನು “ಬೇಗ ಮದ್ದು ಹಾಕೋ” ಅಂದ, ಜೊತೆಗಾರ ಬಂದೂಕಿಗೆ ತುಂಬಿದ. ಪಾತ್ರ ಸತ್ತಿತು. ತಪ್ಪು ಯಾರದು ಅಂತ ಜಗಳ ಏರುತ್ತಿದ್ದಾಗ ಗೆಳೆಯನ ತಾಯಿ ಅಡುಗೆಮನೆಯಿಂದ ಗಾಬರಿಯಾಗಿ ಬಂದು, “ಯಾರಿಗೆ ಯಾರಪ್ಪ ಮದ್ದು ಹಾಕಿದ್ದು?” ಅಂದರು. ಅವರ ಕಿವಿಗೆ ಬಿದ್ದದ್ದು ಕೈಮದ್ದು!

‘ಗುಂಡು’ ಇನ್ನೂ ಕಷ್ಟ. “ಹತ್ತು ಗುಂಡು ಹಾಕಿದೀನಿ” ಅಂದ ಮೇಲೆ ಆ ಸಂಜೆ ಯಾರೂ ಗಂಭೀರವಾಗಿ ಆಡಲಿಲ್ಲ. ಬುಲೆಟ್ ಅಂದರೆ ಬೈಕು. ನಳಿಗೆಯ ಅಳತೆಗೆ ‘ಬೋರು’ ಇಡೋಣವೆಂದರೆ ನಾವಿರುವುದು ಕೋಲಾರದಲ್ಲಿ. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಉಂಡೆ ಮಾಡಿದರೆ ಅದರಲ್ಲೊಂದು ಸರಿಯಾಗಿ ಕೂರುವ ನಳಿಗೆ ಹನ್ನೆರಡು ಬೋರಿನದು ಅಂತ ವಿವರಿಸಿದೆ. “ಹನ್ನೆರಡು ಬೋರು ಕೊರೆಸಿದ್ರೂ ಒಂದ್ರಲ್ಲೂ ನೀರಿಲ್ವಾ?” ಅಂದ ಒಬ್ಬ. ಆ ಕಲಮನ್ನೇ ಹೊಡೆದುಹಾಕಿದೆ.

ಆಯುಧಗಳ ಹೆಸರಿಗೆ ಅಷ್ಟು ತೊಂದರೆಯಾಗಲಿಲ್ಲ. ನಮ್ಮ ಕಡೆ ತೆಲುಗು ಮನೆಮಾತಿನವರು ತುಪಾಕಿ ಅನ್ನುತ್ತಾರೆ, ಕೆಜಿಎಫ್‌ನ ತಮಿಳರು ತುಪ್ಪಾಕಿ ಅನ್ನುತ್ತಾರೆ, ಉರ್ದುವಿನವರಿಗೆ ಬಂದೂಕು. ಕತೆಯಲ್ಲಿ ಮೂರು ಬಣಗಳಿವೆ, ಒಂದೊಂದಕ್ಕೆ ಒಂದೊಂದು ಮಾತು ಕೊಟ್ಟೆ. ಕೋವಿ ನಮ್ಮ ಸೀಮೆಯ ಆಡುಮಾತಲ್ಲ, ಪುಸ್ತಕದಿಂದ ಬಂದದ್ದು. ಆದರೂ ಸಮಾಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಎರಡು ಲೋಹದ ಹಳಿಗಳ ನಡುವೆ ಒಂದು ಲೋಹದ ತುಂಡು ಇಟ್ಟು, ಒಂದು ಹಳಿಯಿಂದ ಆ ತುಂಡಿನ ಮೂಲಕ ಇನ್ನೊಂದು ಹಳಿಗೆ ಭಾರೀ ಕರೆಂಟು ಹರಿಸಿದರೆ, ಕಾಂತಬಲಕ್ಕೆ ತುಂಡು ಮುಂದಕ್ಕೆ ಚಿಮ್ಮುತ್ತದೆ. ಸಿಡಿಮದ್ದು ಬೇಕೇ ಇಲ್ಲ. ಇದಕ್ಕೆ ‘ಹಳಿಕೋವಿ’ ಅಂತಿಟ್ಟೆ, ‘ರೈಲ್‌ಗನ್’ ಅಂದರೆ ರೈಲ್ವೆ ಪೊಲೀಸರದೇ ಅಂತ ಕೇಳುತ್ತಾರೆ. ಅಮೆರಿಕದ ನೌಕಾಪಡೆ ವರ್ಷಗಟ್ಟಲೆ ಇದರ ಹಿಂದೆ ಬಿದ್ದು 2021ರಲ್ಲಿ ಕೈಬಿಟ್ಟಿತು. ಹಳಿ ಬೇಗ ಸವೆಯುವುದು ಈ ಆಯುಧದ ದೊಡ್ಡ ತಲೆನೋವು. ನಮ್ಮ ಆಟದಲ್ಲೂ ಅದನ್ನು ಉಳಿಸಿಕೊಂಡಿದ್ದೇನೆ: ಇಷ್ಟು ಸಲ ಹೊಡೆದ ಮೇಲೆ ಹಳಿ ಬದಲಿಸಬೇಕು.

ನನಗೆ ತುಂಬ ಹಿಡಿಸಿದ್ದು ‘ಬಾಣ’. 1960ರ ದಶಕದಲ್ಲಿ ಅಮೆರಿಕದಲ್ಲಿ ಜೈರೋಜೆಟ್ ಅಂತ ಒಂದು ಪಿಸ್ತೂಲು ಬಂದಿತ್ತು. ಅದು ಹಾರಿಸುತ್ತಿದ್ದದ್ದು 13 ಮಿಲಿಮೀಟರ್ ದಪ್ಪದ ಪುಟ್ಟ ರಾಕೆಟ್ಟು. ನಳಿಗೆ ದಾಟುವಾಗ ನಿಧಾನ, ಹೋಗ್ತಾ ಹೋಗ್ತಾ ವೇಗ. ಹಾಗಾಗಿ ಎದುರಿಗೇ ನಿಂತವನಿಗಿಂತ ದೂರ ಇದ್ದವನಿಗೆ ಪೆಟ್ಟು ಜಾಸ್ತಿ. ಆಟಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ಬೇಕೆ? ಹೆಸರು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಲಿಲ್ಲ. ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮ ಜಿಲ್ಲೆಯದೇ. ಅವನ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಗೆ ಬಾಣ ಅಂತಲೇ ಹೆಸರು. ಅಂಥವು ಸಾವಿರಕ್ಕೂ ಹೆಚ್ಚು 2018ರಲ್ಲಿ ಹೊಸನಗರ ತಾಲ್ಲೂಕಿನ ‘ನಗರ’ ಅನ್ನುವ ಊರಿನ ಒಂದು ಹಳೇ ಬಾವಿಯಲ್ಲಿ ಸಿಕ್ಕವು. ಬಾಣಬಿರುಸು ಅನ್ನುವಾಗ ನಾವು ಹೇಳುವ ಬಾಣವೂ ಬಿಲ್ಲಿನದಲ್ಲವಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಹಳಿಕೋವಿ, ಬಾಣದ ಪಿಸ್ತೂಲು, ಲೇಸರ್, ಈ ಮೂರಕ್ಕೂ ಹೊಂದುವ ಒಂದು ಎಣಿಕೆಯ ಮಾತು ಬೇಕು. ಇನ್ನೆಷ್ಟು ಸಲ ಹೊಡೆಯಬಹುದು ಅನ್ನುವುದಕ್ಕೆ. ಲೇಸರಿನಲ್ಲಿ ಗುಂಡೂ ಇಲ್ಲ, ತೋಟೆಯೂ ಇಲ್ಲ, ಇರುವುದು ಬ್ಯಾಟರಿ. ‘ಚಾರ್ಜು’ ಅಂದರೆ ಎಲ್ಲರೂ ಜೇಬಿನ ಫೋನು ಮುಟ್ಟಿ ನೋಡಿಕೊಳ್ಳುತ್ತಾರೆ. “ಮೂರು ಸುತ್ತು ಗುಂಡು ಹಾರಿಸಿದರು” ಅಂತ ಪತ್ರಿಕೆಯಲ್ಲಿ ಬರುತ್ತದೆ, ಆದರೆ ಆಟದಲ್ಲಿ ಸುತ್ತು ಅಂದರೆ ಎಲ್ಲರ ಸರದಿ ಒಮ್ಮೆ ಮುಗಿಯುವುದು. ‘ಏಟು’ ಅಂದರೆ ತಗುಲಿದ್ದೋ ಹೊಡೆದದ್ದೋ ತಿಳಿಯದು.

ಹಾಗೆ ಹುಡುಕುವಾಗ ಸಿಕ್ಕಿದ್ದು ‘ಈಡು’. ಒಂದು ಈಡು ಹೊಡೆದ (ಒಂದು ಸಲ ಕೋವಿ ಹಾರಿಸಿದ), ಈಡುಗಾರ (ಗುರಿಕಾರ), ಇವು ಮಲೆನಾಡಿನ ಶಿಕಾರಿ ಮಾತುಗಳು. ಕೆಡು–ಕೇಡು, ಪಡು–ಪಾಡು, ಬಿಡು–ಬೀಡು ಇದ್ದ ಹಾಗೆಯೇ ಇಡು–ಈಡು. ಹಳಗನ್ನಡದಲ್ಲಿ ‘ಇಡು’ಗೆ ಎಸೆ, ಹೊಡೆ ಅನ್ನುವ ಅರ್ಥವೂ ಉಂಟು. ಅಂದರೆ ಈ ಮಾತು ಹಿಡಿದುಕೊಂಡಿರುವುದು ಎಸೆಯುವ ಕೆಲಸವನ್ನು, ಎಸೆದ ವಸ್ತುವನ್ನಲ್ಲ. ನನಗೆ ಬೇಕಾದದ್ದು ಅದೇ. ‘ಬಂದೂಕು’ ನೋಡಿ, ಅರಬ್ಬಿಯಲ್ಲಿ ಬುಂದುಕ್ ಅಂದರೆ ಒಂದು ಬಗೆಯ ಕಾಯಿ, ಆಮೇಲೆ ಆ ಕಾಯಿಯಂಥ ಗುಂಡು, ಕೊನೆಗೆ ಗುಂಡು ಹಾರಿಸುವ ಆಯುಧ. ಒಳಗಿನ ವಸ್ತುವಿನ ಹೆಸರು ಹಾಗೆ ಜಾರುತ್ತ ಹೋಗುತ್ತದೆ. ಈಡು ಹಾಗೆ ಜಾರಲಾರದು ಅಂತ ನನ್ನ ಎಣಿಕೆ.

ನಮ್ಮ ಹುಡುಗರು ಮಾತ್ರ ಒಪ್ಪಿಲ್ಲ. ಒಬ್ಬನಿಗೆ ಈಡು ಅಂದರೆ ಸಾಲಕ್ಕೆ ಇಟ್ಟ ಜಮೀನು. ಮನೆಯಲ್ಲಿ ತೆಲುಗಾಡುವ ಇನ್ನೊಬ್ಬನಿಗೆ ಈಡು ಅಂದರೆ ವಯಸ್ಸು. “ನಿಂದು ಎಷ್ಟು ಈಡು ಉಳಿದಿದೆ?” ಅಂತ ಕೇಳಿದ್ದಕ್ಕೆ, “ಹಂಗೆಲ್ಲಾ ಆಯಸ್ಸು ಕೇಳಬಾರದು” ಅಂದ.

ಬಲ್ಲವರು ಇಷ್ಟು ತಿಳಿಸಿ. ‘ಈಡು’ ಕೋವಿಗೆ ಮಾತ್ರ ಮೀಸಲೋ, ಅಥವಾ ಕವಣೆಯ, ಚಾಟರಬಿಲ್ಲಿನ ಕಲ್ಲಿಗೂ ಅನ್ನುತ್ತಾರೋ? ಅಲ್ಲಿಗೂ ಸಲ್ಲುವುದಾದರೆ ಲೇಸರಿಗೂ ಸಂಕೋಚವಿಲ್ಲದೆ ಇಡುತ್ತೇನೆ. “ಐದು ಈಡು ಉಳಿದಿದೆ” ಅನ್ನಬೇಕೋ, “ಉಳಿದಿವೆ” ಅನ್ನಬೇಕೋ? ಚಿಂತಾಮಣಿ, ಪಾವಗಡ, ಮಧುಗಿರಿ ಕಡೆಯ ಹಿರಿಯರ ಬಾಯಲ್ಲಿ ಈ ಅರ್ಥದಲ್ಲಿ ಈಡು ಕೇಳಿದವರಿದ್ದರೆ ಆ ವಾಕ್ಯವನ್ನು ಹಾಗೇ ಬರೆದು ಕಳಿಸಿ. ಭಾನುವಾರದೊಳಗೆ ಸಿಕ್ಕರೆ ಒಳ್ಳೆಯದು. ಹೋದ ವಾರ ಸತ್ತವನು ಹೊಸ ಪಾತ್ರ ಕಟ್ಟಿಕೊಂಡು ಲೇಸರ್ ಬೇಕು ಅಂತ ಕೂತಿದ್ದಾನೆ.